ಗಾಜಿನ ಮೇಲಿನ ಬಿಳಿ ಗೆರೆ

ಇಲಿಯ ಕತ್ತು ಒಂದೇ ಏಟಿಗೆ ಹಾರಬೇಕು. ಕೈ ನಡುಗಿದರೆ ಅದು ಅರ್ಧ ಕತ್ತಿನಲ್ಲಿ ಒದ್ದಾಡಿ, ರಕ್ತವೆಲ್ಲ ನಮ್ಮ ಕೋಟಿಗೆ ರಾಚುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ, ಜರ್ಸಿ ಸಿಟಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಹೊಟ್ಟೆಪಾಡು ಅದೇ. ಮೈಸೂರಿನಲ್ಲಿ ಜಿರಲೆ ಹೊಡೆಯಲೂ ಅಮ್ಮನನ್ನು ಕರೆಯುತ್ತಿದ್ದವನು, ಇಲ್ಲಿ ಕಾಫಿ ಆರುವುದರೊಳಗೆ ಒಂದು ಪಂಜರ ಖಾಲಿ ಮಾಡುತ್ತಿದ್ದೆ.

ಕೊಲ್ಲುತ್ತಿದ್ದದ್ದು ಒಂದು ಪ್ರೋಟೀನಿಗಾಗಿ. ಗರ್ಭದಲ್ಲಿರುವ ಕೂಸಿನ ಲಿವರ್ ಅದನ್ನು ತಯಾರಿಸುತ್ತದೆ, ಹುಟ್ಟಿದ ಮೇಲೆ ನಿಲ್ಲಿಸಿಬಿಡುತ್ತದೆ. ದೊಡ್ಡವರ ಲಿವರ್ ಮತ್ತೆ ಅದನ್ನು ಹೇರಳವಾಗಿ ತಯಾರಿಸತೊಡಗಿತೆಂದರೆ ಅಲ್ಲಿ ಕ್ಯಾನ್ಸರ್ ಕೂತಿರುವುದೇ ಹೆಚ್ಚು. ಇಲಿಗಳ ಜೊತೆ ರೋಗಿಗಳ ರಕ್ತವೂ ನನ್ನ ಮೇಜಿಗೆ ಬರುತ್ತಿತ್ತು. ಗಾಜಿನ ಮೇಲೆ ಅಗರ್ ಎಂಬ ಲೋಳೆ ಹರಡಿ, ಗುಳಿ ಕೊರೆದು, ಒಂದರಲ್ಲಿ ರಕ್ತದ ತಿಳಿ, ಪಕ್ಕದ್ದರಲ್ಲಿ ಆ ಪ್ರೋಟೀನನ್ನು ಹಿಡಿಯುವ ದ್ರವ ಹಾಕಿ ಮರುದಿನ ನೋಡಬೇಕು. ಬಿಳಿ ಗೆರೆ ಮೂಡಿದ್ದರೆ ಆಸೆ ಬಿಡಬೇಕು.

ನಾನು ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿಯಲ್ಲಿ ಧಾರವಾಡದ ಅಣ್ಣ ತಮ್ಮ ಇದ್ದರು. ಅಣ್ಣ ಎಂಜಿನಿಯರ್, ತಮ್ಮ ಓದುತ್ತಿದ್ದ. ಬಸುರಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದಿದ್ದ ಅಣ್ಣ, ಈಗ ನಡೆದಾಡುವಷ್ಟಾದ ಮಗಳ ಮುಖವನ್ನು ಇನ್ನೂ ನೋಡಿರಲಿಲ್ಲ. ಅವರ ಕಣ್ಣು ಹಳದಿಯಾಗಿ, ಅವರ ರಕ್ತವೂ ನನ್ನ ಮೇಜಿಗೆ ಬಂತು. ಗೆರೆ ದಪ್ಪವಾಗಿ ಮೂಡಿತು. ಮೈನೀರನ್ನು ರಕ್ತದಲ್ಲೇ ಹಿಡಿದಿಡುವ ಅಲ್ಬುಮಿನ್ ಎಂಬ ಪ್ರೋಟೀನ್ ಬೇರೆ ಇಳಿದಿತ್ತು. ಡಾಕ್ಟರು ನನ್ನೆದುರೇ ತಮ್ಮನಿಗೆ ಹೇಳಿದರು: ಉಳಿದಿರುವುದು ಕೆಲವೇ ತಿಂಗಳು, ಊರಿಗೆ ಕಳಿಸುವುದಿದ್ದರೆ ಈಗಲೇ ಕಳಿಸಿ.

ಆದರೆ ತಮ್ಮ, ಮನೆಗೆ ಬಂದು ಅಣ್ಣನಿಗೆ ಇದು ಬರೀ ಕಾಮಾಲೆ ಎಂದ. ಪಥ್ಯ ಶುರುವಾಯಿತು. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ. ಗಂಜಿ, ಮಜ್ಜಿಗೆ, ಊರಿಂದ ಯಾರೋ ತಂದುಕೊಟ್ಟ ನೆಲನೆಲ್ಲಿ ಪುಡಿ. ಮೊದಲೇ ಪ್ರೋಟೀನಿಲ್ಲದ ಮೈಗೆ ಇದು. ಮೆಟ್ಟಿಲ ಮೇಲೆ ಅವನನ್ನು ಕಂಡಾಗಲೆಲ್ಲ, ಅಣ್ಣನಿಗೆ ನಿಜ ಹೇಳಿ ಊರಿಗೆ ಕಳಿಸು ಎಂದು ನಾನು ಜಗಳವಾಡುತ್ತಿದ್ದೆ, ಅವನು ಒಳಗೆ ಹೋಗಿ ಬಾಗಿಲು ಬಡಿದು ಹಾಕಿಕೊಳ್ಳುತ್ತಿದ್ದ. ಒಂದು ತಿಂಗಳು ಹೀಗೇ ಕಳೆಯಿತು. ಅಣ್ಣನ ಕೈಕಾಲು ಕಡ್ಡಿಯಾಗಿ ಹೊಟ್ಟೆ ನೀರು ತುಂಬಿ ಉಬ್ಬಿತು.

ಒಂದು ಭಾನುವಾರ ಮಧ್ಯಾಹ್ನ ಅಣ್ಣನೇ ನನ್ನನ್ನು ಕರೆಸಿದರು.

"ನನ್ನ ರಕ್ತ ನೋಡಿದಾವ್ರು ನೀವ. ಖರೇ ಹೇಳ್ರಿ, ಇದು ಕಾಮಾಲೀನ ಏನು?"

"ಅಲ್ಲ ಸರ್. ಕ್ಯಾನ್ಸರ್. ಜಾಸ್ತಿ ದಿನ ಇಲ್ಲ."

ತಮ್ಮ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. "ಬಿಡ್ತು ಅನ್ನು," ಎಂದ. ಅಪಶಕುನ ನುಡಿದ ಮಕ್ಕಳಿಗೆ ಮನೆಯ ಹಿರಿಯರು ಹೇಳುವ ಮಾತು. ಬಿಡ್ತು ಅಂದರೆ ಆಡಿದ್ದು ತಾಗುವುದಿಲ್ಲವಂತೆ. ನಾನು ಅನ್ನಲಿಲ್ಲ. ಮೂಗಿಗೆ ಗುದ್ದಿದ. ರಕ್ತ ಬಾಯಿಗಿಳಿಯಿತು. "ಅನ್ನು, ಬಿಡ್ತು ಅನ್ನು," ಎನ್ನುತ್ತ ಮತ್ತೆ ಗುದ್ದಿದ. ನನ್ನ ತಲೆ ಕಾದ ರೇಡಿಯೇಟರಿಗೆ ತಾಗಿ ಕಿವಿ ಸುಟ್ಟಿತು. ಸತ್ತರೂ ಅನ್ನಬಾರದೆಂಬ ಹಟ ನನಗೂ ಬಂದಿತ್ತು.

ಅಣ್ಣ ಗೋಡೆ ಹಿಡಿದು ಎದ್ದು ಬಂದರು. ಗಂಜಿಯ ಹಿತ್ತಾಳೆ ಲೋಟದಿಂದ ತಮ್ಮನ ಹಣೆಗೆ ಹೊಡೆದರು. ಅವನು ಅಲ್ಲೇ ಕುಸಿದು ಕೂತ.

"ಒಂದು ತಿಂಗಳು ತಿಂದಿ ನಂದು," ಎಂದರು. "ನನ್ನ ಮಗಳನ್ನ ಎತ್ತಿಕೋಬೇಕು. ಟಿಕೆಟ್ ತಗಿ."

ಅದೇ ವಾರ ತಮ್ಮ ಅವರನ್ನು ಕರೆದುಕೊಂಡು ಹೋದ. ಏರ್‌ಪೋರ್ಟಿಗೆ ಡ್ರೈವ್ ಮಾಡಿದವನು ನಾನೇ.

ಹಿಮ ಕರಗುವ ಹೊತ್ತಿಗೆ ತಮ್ಮ ಒಬ್ಬನೇ ವಾಪಸು ಬಂದ. ತಲೆ ಬೋಳಿಸಿದ್ದ, ಹಣೆಯ ಮೇಲೆ ಲೋಟದ ಗಾಯ ಎದ್ದು ಕಾಣುತ್ತಿತ್ತು. ಬಾಗಿಲಲ್ಲೇ ನಿಂತು ಹೇಳಿದ.

"ಹುಡುಗೀನ್ನ ಅವನ ಮುಂದ ನಿಲ್ಲಿಸಿದ್ವಿ. ಎತ್ತಲಿಕ್ಕೆ ಎರಡೂ ಕೈ ಚಾಚಿದ. ಆಗಲಿಲ್ಲ. ಎರಡನೇ ಸಲಾನೂ ಆಗಲಿಲ್ಲ. ಆಮೇಲೆ ಆಕೀನ್ನ ಒಳಗ ಕರಕೊಂಡು ಹೋಗ್ರಿ ಅಂದ." ಹಣೆಯ ಗಾಯ ಸವರಿಕೊಂಡ. "ನೀ ಹೇಳಿದ ಆ ಮೊದಲನೇ ವಾರದಾಗ ಹೋಗಿದ್ದರ ಎತ್ತಿಕೋತಿದ್ದ, ಹೌದಲ್ಲೋ?"

"ಹೌದು," ಎಂದೆ.

"ಹಂಗಾರ ಹೊಡಿ."

ಸಿಟ್ಟು ನನ್ನಲ್ಲಿ ಹಾಗೇ ಇತ್ತು. ಕೆನ್ನೆಗೆ ಬಾರಿಸಿದೆ, ಕೈ ನಡುಗಲಿಲ್ಲ. ಅವನು ಇನ್ನೊಂದು ಕೆನ್ನೆ ಒಡ್ಡಿ, ಕಣ್ಣು ಮುಚ್ಚಿ ನಿಂತ.