ಒಡೆಯದ ಸಂಖ್ಯೆಗೆ ಪಣವಿಟ್ಟ ಮೀಸೆ

ಬಸ್ಸುಗಳಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಚೆಕಿಂಗ್ ಮಾವ ಎನ್ನುತ್ತಿದ್ದರು. ಕಣ್ಣಾರೆ ನೋಡದೆ ಯಾವುದನ್ನೂ ನಂಬದ ಆಸಾಮಿ. ಹಾಲು ಉಕ್ಕಿತು ಎಂದರೂ ಎದ್ದು ಬಂದು ಒಲೆ ನೋಡಿಯೇ ಹೌದೆನ್ನುವರು. ಅವರ ಆಸ್ತಿಯೆಂದರೆ ಮೀಸೆ. ಟಿಕೆಟ್ ಇಲ್ಲದವರು ಅದನ್ನು ಕಂಡೇ ಬಸ್ಸಿನಿಂದ ಇಳಿದುಬಿಡುತ್ತಿದ್ದರಂತೆ.

ಒಂದು ಬೆಳಗ್ಗೆ ಪತ್ರಿಕೆಯ ಮೂಲೆಯಲ್ಲಿ, 9,99,983 ಅವಿಭಾಜ್ಯ ಸಂಖ್ಯೆ, ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದಿತ್ತು. ಮನೆಗೆ ಬಂದಿದ್ದ ಭಾಮೈದ ಅದನ್ನೋದಿ ನಕ್ಕ.

"ಅಷ್ಟು ದೊಡ್ಡದು ಯಾವುದಕ್ಕೂ ಒಡೆಯಲ್ಲ ಅಂದ್ರೆ ಯಾರು ನಂಬ್ತಾರೆ ಭಾವ?"

ಮಾವನಿಗೂ ನಂಬಿಕೆಯಿರಲಿಲ್ಲ. ಆದರೆ ಭಾಮೈದ ಅಲ್ಲ ಎಂದಮೇಲೆ ಹೌದು ಎನ್ನುವುದು ಅವರ ಧರ್ಮ. "ಒಡೆದ್ರೆ ಮೀಸೆ ಬೋಳಿಸ್ತೀನಿ" ಎಂದುಬಿಟ್ಟರು.

ಅಂದಿನಿಂದ ಊಟದ ಮೇಜೇ ಅವರ ಕಚೇರಿ. ಎರಡಕ್ಕೆ ಭಾಗವಾಗದ್ದು ನಾಲ್ಕಕ್ಕೂ ಆರಕ್ಕೂ ಆಗದು. ಹಾಗಾಗಿ ಅವಿಭಾಜ್ಯಗಳಿಂದಷ್ಟೇ ಭಾಗಿಸಿ ನೋಡಿದರೆ ಸಾಕು. ಸಾವಿರದಾಚೆ ಹೋಗಬೇಕಿಲ್ಲ; ಸಾವಿರ ಮೀರಿದ ಎರಡನ್ನು ಗುಣಿಸಿದರೆ ಹತ್ತು ಲಕ್ಷವೇ ದಾಟಿಹೋಗುತ್ತದೆ. ಒಟ್ಟು ನೂರ ಅರವತ್ತೆಂಟು ಭಾಗಾಕಾರ. ಒಂದೊಂದಕ್ಕೂ ಒಂದು ಹಾಳೆ, ಹಾಳೆಗೊಂದು ಸಹಿ. ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

ಇಪ್ಪತ್ತನೆಯ ಹಾಳೆ ಎಪ್ಪತ್ತೊಂದರದು. ಶೇಷ ಸೊನ್ನೆ ಬಂತು. ಮಾವ ಮೂರು ಸಲ ಭಾಗಿಸಿದರು, ಮೂರು ಸಲವೂ ಸೊನ್ನೆ. ಹಾಳೆ ಹರಿದು ಹಾಕಿದರೆ ಕೇಳುವವರಿರಲಿಲ್ಲ, ಆದರೆ ಅಂಥ ಬುದ್ಧಿ ಅವರಿಗೆ ಹುಟ್ಟಿನಿಂದಲೇ ಇಲ್ಲ. ಭಾಮೈದನಿಗೆ ಫೋನ್ ಮಾಡಿ "ಒಡೀತು ಕಣೋ" ಎಂದರು. ಭಾನುವಾರ ಬಂದು ಮುಖ ನೋಡುತ್ತೇನೆ ಎಂದ ಅವನು. ಮಾವ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೇಜು ಖಾಲಿಯಾಯಿತೆಂಬ ಖುಷಿಯಲ್ಲಿ ಹೆಂಡತಿ ಹಾಳೆಗಳನ್ನು ಜೋಡಿಸತೊಡಗಿದರು. ಆಕೆ ಹೊಲಿಗೆಯವರು, ಅಳತೆಯ ಚೀಟಿಯನ್ನು ಮತ್ತೊಮ್ಮೆ ಓದದೆ ಕತ್ತರಿ ಹಿಡಿದವರಲ್ಲ. ಹೋಗಿ ಬಚ್ಚಲ ಬಾಗಿಲು ಬಡಿದರು.

"ಏನ್ರೀ, ಮಿಕ್ಕ ಹಾಳೇಲೆಲ್ಲ ಕೊನೇಲಿ ಒಂಬೈನೂರ ಎಂಬತ್ಮೂರು ಇದೆ. ಇದರಲ್ಲಿ ಎಂಟ್ನೂರ ತೊಂಬತ್ಮೂರು ಬರ್ಕೊಂಡಿದ್ದೀರಿ. ನೀವು ಹಿಡಿದಿರೋದು ಬೇರೆ ಯಾರೋ ಪ್ರಯಾಣಿಕನ್ನ."

ಒಳಗೆ ನೀರಿನ ಸದ್ದು ನಿಂತಿತು. ಬಾಗಿಲು ತೆರೆಯಿತು. ಎಡಗಡೆ ಮೀಸೆ ಇತ್ತು, ಬಲಗಡೆ ಇರಲಿಲ್ಲ. ಆಕೆಗೆ ನಗು ತಡೆಯಲಾಗಲಿಲ್ಲ. ಆಮೇಲೆ ಪಾಪ ಅನ್ನಿಸಿತು.

ಮಾವ ಕುರ್ಚಿಯಲ್ಲಿ ಕುಸಿದರು. ಲೋಕದವರನ್ನೆಲ್ಲ ಅನುಮಾನಿಸಿದ ತಮಗೆ ತಮ್ಮ ಕೈಬರಹದ ಮೇಲೆ ಒಮ್ಮೆಯೂ ಅನುಮಾನ ಬಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. "ಹಿಂದಿನ ಹತ್ತೊಂಬತ್ತೂ ನೋಡ್ತೀಯಾ?" ಎಂದರು ಮೆಲ್ಲಗೆ. ಆಕೆ ಕನ್ನಡಕ ತಂದು ಪಕ್ಕದಲ್ಲಿ ಕೂತರು.

ಭಾನುವಾರ ಭಾಮೈದ ಬರುವಷ್ಟರಲ್ಲಿ ನೂರ ಅರವತ್ತೆಂಟೂ ಮುಗಿದಿದ್ದವು. ಪ್ರತಿ ಹಾಳೆಯಲ್ಲೂ ಎರಡು ಸಹಿ. ಶೇಷ ಸೊನ್ನೆಯಾದ ಹಾಳೆ ಒಂದೂ ಇಲ್ಲ. ಮಾವನ ಮುಖದಲ್ಲಿ ಮಾತ್ರ ಉಳಿದರ್ಧ ಮೀಸೆಯೂ ಇರಲಿಲ್ಲ.

"ಗೆದ್ದಿದ್ದೀರಲ್ಲ ಭಾವ, ಮತ್ಯಾಕೆ ಪೂರ್ತಿ ಬೋಳಿಸಿದ್ರಿ?"

"ನಿನಗೆ ಸೋತಿಲ್ಲ ಕಣೋ" ಎಂದರು ಮಾವ. "ನಿಮ್ಮಕ್ಕನಿಗೆ ಸೋತೆ."