ಬ್ಲಫ್‌ನಲ್ಲಿ ನೀರು ಏರಿದಾಗ ಕೂಗದ ಫೋನು

2024ರಲ್ಲಿ ನಾನು ಮಂಡ್ಯದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಬಿಲ್ಡ್ ಇಂಜಿನಿಯರ್ ಆಗಿದ್ದೆ. ಬರೆದ ಕೋಡನ್ನೆಲ್ಲ ಒಟ್ಟುಗೂಡಿಸಿ ಫೋನಿನಲ್ಲಿ ಓಡುವ ರೂಪಕ್ಕೆ ತರುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಆ ಕೆಲಸವನ್ನು ಬಿಲ್ಡ್ ಟೂಲ್ ಎಂಬ ಸಾಫ್ಟ್‌ವೇರೇ ಮಾಡುತ್ತದೆ. ಯಾವುದನ್ನು ಸೇರಿಸು, ಯಾವುದನ್ನು ಬಿಡು ಎಂದು ಅದಕ್ಕೆ ಹೇಳಿಕೊಡುವುದು ನನ್ನ ಪಾಲು. ಕೋಡ್ ಬರೆಯುತ್ತಿದ್ದವನು ನಯಾಜ್, ಮಳವಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ. ಕೆಳಗಿನ ಮಹಡಿಯಲ್ಲಿ ಟೈಲರ್ ಅಂಗಡಿ. ಹೊಲಿಗೆ ಯಂತ್ರದ ಸದ್ದು ನೆಲದ ಮೂಲಕ ನಮ್ಮ ಕಾಲಿಗೇ ತಾಗುತ್ತಿತ್ತು.

ನಾವು ಮಾಡುತ್ತಿದ್ದದ್ದು ಇಡೀ ಆ್ಯಪ್ ಅಲ್ಲ, ಎಸ್‌ಡಿಕೆ. ಬೇರೆಯವರು ತಮ್ಮ ಆ್ಯಪ್‌ನೊಳಗೆ ಕೂರಿಸಿಕೊಳ್ಳಬಹುದಾದ ಸಿದ್ಧ ಭಾಗ ಅದು. ಮಳವಳ್ಳಿಯಿಂದ ಮುಂದೆ, ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ಕೆಳಗೆ ಹೊಳೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರ ಒಂದು ಸಂಘಕ್ಕೆ ಪುಟ್ಟ ಆ್ಯಪ್ ಇತ್ತು, ಅದರೊಳಗೆ ನಮ್ಮ ಎಸ್‌ಡಿಕೆ. ಹೊಳೆಯ ಮೇಲ್ಭಾಗದಲ್ಲಿ ನಾವು ಇಟ್ಟಿದ್ದ ಸೆನ್ಸರ್ ನೀರು ಏರುವುದನ್ನು ಕಂಡ ಕೂಡಲೇ ಸಂದೇಶ ಕಳಿಸುತ್ತಿತ್ತು. ಫೋನು ಸೈಲೆಂಟ್‌ನಲ್ಲಿದ್ದರೂ ನಮ್ಮ ಎಸ್‌ಡಿಕೆ ಅದನ್ನು ಗಂಟಲು ಹರಿಯುವಂತೆ ಕೂಗಿಸುತ್ತಿತ್ತು. ಕೂಗಿದ ಮೇಲೆ ಬಲೆ ಎಳೆದುಕೊಂಡು ದಂಡೆ ಸೇರುವಷ್ಟು ಹೊತ್ತು ಇರುತ್ತಿತ್ತು. ಅದಕ್ಕಿಂತ ಹೆಚ್ಚಿಲ್ಲ.

ಸಂಘದ ಸದಸ್ಯ ಸಿದ್ದರಾಜು ಮತ್ತು ಅವನ ಹೆಂಡತಿ ಪುಟ್ಟಮ್ಮ ಇದನ್ನು ಮೊದಲಿಗೆ ನಂಬಿದವರು. ಒಮ್ಮೆ ಅವನ ಫೋನು ನೋಡಿದರೆ ರಿಂಗ್ ಪೂರ್ತಿ ಬಂದ್. ಕೇಳಿದ್ದಕ್ಕೆ, "ನಿಮ್ದು ಕೂಗ್ತದಲ್ಲಕ್ಕ, ಸಾಕು. ಮಿಕ್ಕಿದ್ದೆಲ್ಲ ಬರೀ ಸಾಲ ಬೇಕಾ ಅನ್ನೋ ಕಂಪ್ನಿ ಪೋನು. ಯಾವನ್ ಎತ್ತಾನೆ?" ಎಂದಿದ್ದ. ಅವತ್ತು ನಾನು ನಕ್ಕಿದ್ದೆ.

ಆ ವರ್ಷ ದಸರಾ ಮುಗಿದ ಮೇಲೆ ಐಫೋನಿಗೂ ಎಸ್‌ಡಿಕೆ ಬೇಕೆಂಬ ಬೇಡಿಕೆ ಬಂತು. ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಎಸ್‌ಡಿಕೆ ತೆಗೆಯುವ ಹೊಸ ಬಿಲ್ಡ್ ಟೂಲಿಗೆ ನಾವು ಬದಲಾದೆವು.

ಇಲ್ಲಿ ನಮ್ಮ ಒಂದು ಅಭ್ಯಾಸ ಹೇಳಬೇಕು. ಹಳೆಯ ಏರ್ಪಾಟಿನಲ್ಲಿ ಫೋಲ್ಡರ್‌ಗಳಿಗೆ ನಯಾಜ್ ತನ್ನ ಬಸ್ಸಿನ ದಾರಿಯ ಹೆಸರಿಟ್ಟಿದ್ದ. ಮುಖ್ಯ ಕೋಡು ಮಂಡ್ಯ. ಫೋನಿಗೆ ಹೊಂದಿಸುವ ಭಾಗ ಮದ್ದೂರು. ನಮ್ಮ ಕೈ ದಾಟಿ ಸಂಘದ ಆ್ಯಪ್‌ಗೆ ಹೋಗಬೇಕಾದ ನಿಯಮಗಳು ಮಳವಳ್ಳಿ; ಬ್ಲಫ್‌ಗೆ ಹೋಗುವವರು ಅಲ್ಲಿಂದಲೇ ಮುಂದಕ್ಕೆ ಹೋಗಬೇಕಲ್ಲ. ಆ ತಮಾಷೆ ನಮಗೆ ಎಷ್ಟು ಒಗ್ಗಿತ್ತೆಂದರೆ "ಮದ್ದೂರ್‌ನಲ್ಲಿ ಎರರ್ ಅದೆ ಕಣಕ್ಕ" ಎಂದರೆ ನನಗೆ ಊರು ನೆನಪಾಗುತ್ತಲೇ ಇರಲಿಲ್ಲ. ಹೊಸ ಟೂಲಿಗೆ ಈ ಊರುಗಳು ಗೊತ್ತಿಲ್ಲ. ಅದು ತನ್ನದೇ ಹೆಸರುಗಳನ್ನು ಕೇಳಿತು. ಮಂಡ್ಯ, ಮದ್ದೂರು ಕಾಣದಿದ್ದಾಗ ಕೆಂಪು ಅಕ್ಷರದಲ್ಲಿ ಗಲಾಟೆ ಮಾಡಿತು, ಹೆಸರು ಬದಲಿಸಿದೆವು. ಮಳವಳ್ಳಿ ಕಾಣದ್ದಕ್ಕೆ ಏನೂ ಅನ್ನಲಿಲ್ಲ. ಗುರುತಿಲ್ಲದ ಫೋಲ್ಡರನ್ನು ಸುಮ್ಮನೆ ದಾಟಿಕೊಂಡು ಹೋಗಿ, ಹಸಿರು ಅಕ್ಷರದಲ್ಲಿ ಬಿಲ್ಡ್ ಯಶಸ್ವಿ ಎಂದು ತೋರಿಸಿತು. ನಮ್ಮ ಪರೀಕ್ಷೆಯ ಆ್ಯಪ್‌ನಲ್ಲಿ ಫೋನು ಕೂಗಿತು ಕೂಡ. ಕಳಿಸಿಕೊಟ್ಟೆವು. ಸಂಘದ ಆ್ಯಪ್ ಹೊಸದಾಗಿ ಎಲ್ಲರ ಫೋನಿಗೂ ಇಳಿಯಿತು.

ಮರುದಿನ ಬೆಳಿಗ್ಗೆ ಮನೆಯಿಂದ ತಂದ ಅವರೆಕಾಳು ಉಪ್ಪಿಟ್ಟಿನ ಡಬ್ಬಿ ತೆಗೆಯುತ್ತಾ ಕಂಪ್ಯೂಟರಿನ ಕಡೆ ನೋಡಿದೆ. ಸೆನ್ಸರಿನ ಗೆರೆ ಮೇಲಕ್ಕೆ ಹೋಗುತ್ತಿತ್ತು. ಬ್ಲಫ್‌ನಲ್ಲಿ ನೀರು ಏರುತ್ತಿದೆ.

ಕಿಟಕಿಯ ಪಕ್ಕದ ಮೊಳೆಗೆ ಒಂದು ಹಳೆಯ ಫೋನು ನೇತುಹಾಕಿದ್ದೆವು. ಅದರಲ್ಲಿ ಸಂಘದವರ ಬಳಿ ಇರುವಂಥದೇ ಆ್ಯಪ್. ನೀರು ಏರಿದಾಗಲೆಲ್ಲ ಅದು ಬೊಬ್ಬೆ ಹಾಕುತ್ತಿತ್ತು, ಕೆಳಗಿನಿಂದ ಟೈಲರ್ "ಅದರ ಬಾಯ್ ಮುಚ್ಚಮ್ಮೋ, ಕಾಲರ್ ಸೊಟ್ಟಗಾಯ್ತು!" ಎಂದು ಕೂಗುತ್ತಿದ್ದರು. ಅವತ್ತು ಹೊಲಿಗೆ ಯಂತ್ರ ನಿಲ್ಲದೆ ಓಡುತ್ತಿತ್ತು. ಫೋನು ಮೊಳೆಯಲ್ಲಿ ಸುಮ್ಮನೆ ತೂಗುತ್ತಿತ್ತು.

"ನಯಾಜ್, ಅದು ಕೂಗ್ತಿಲ್ಲ," ಎಂದೆ.

ಅವನು ಫೋನು ಕೈಗೆತ್ತಿಕೊಂಡ. ಚಾರ್ಜ್ ಇತ್ತು, ನೆಟ್‌ವರ್ಕ್ ಇತ್ತು, ಸಂದೇಶವೂ ಬಂದಿತ್ತು. ಕೂಗಿಸುವ ಕೋಡೇ ಒಳಗೆ ಇರಲಿಲ್ಲ. ಅವನು ನನ್ನ ಕಡೆ ತಿರುಗಿದ. "ಅಕ್ಕ, ಮಳವಳ್ಳಿ!"

ಆ ಒಂದು ಮಾತಿಗೆ ನನಗೆ ಎಲ್ಲವೂ ತಿಳಿಯಿತು. ಸಂಘದ ಆ್ಯಪ್ ಹಗುರವಾಗಲೆಂದು ಅದರ ಬಿಲ್ಡಿನಲ್ಲಿ ಯಾರೂ ಬಳಸದ ಕೋಡನ್ನು ಗುಡಿಸಿಹಾಕುವ ಹಂತವೊಂದಿತ್ತು. ನಮ್ಮ ಕೂಗುವ ಕೋಡನ್ನು ಒಳಗಿನ ಯಾವ ಕೋಡೂ ಕರೆಯುವುದಿಲ್ಲ. ಹೊರಗಿನಿಂದ ನೀರಿನ ಸಂದೇಶ ಬಂದಾಗ ಮಾತ್ರ ಅದು ಏಳುತ್ತದೆ. ಇದನ್ನು ಮುಟ್ಟಬೇಡ ಎಂಬ ನಿಯಮ ಇದ್ದದ್ದು ಮಳವಳ್ಳಿ ಫೋಲ್ಡರಿನಲ್ಲಿ. ಕರೆಂಟು ಹೋದಾಗ ಮಾತ್ರ ಬೇಕಾಗುವ ಟಾರ್ಚನ್ನು, ದಿನಾ ಯಾರೂ ಮುಟ್ಟುವುದಿಲ್ಲವೆಂದು ಕಸಕ್ಕೆ ಹಾಕಿದಂತೆ ಆಗಿತ್ತು. ನಮ್ಮ ಪರೀಕ್ಷೆಯ ಆ್ಯಪ್‌ನಲ್ಲಿ ಆ ಗುಡಿಸುವ ಹಂತವೇ ಇರಲಿಲ್ಲ.

ಸರಿಪಡಿಸಬಹುದಿತ್ತು. ಆದರೆ ಹೊಸ ಬಿಲ್ಡ್ ಆಗಿ, ಸಂಘದ ಆ್ಯಪ್ ಸೇರಿ, ಫೋನಿಗೆ ಇಳಿಯುವ ತನಕ ಹೊಳೆ ಕಾಯುವುದಿಲ್ಲ. ನಯಾಜ್ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದ. ಅವರು ವಿಚಾರಿಸಿ ತಿರುಗಿ ಹೇಳಿದರು: ಎಲ್ಲರೂ ದಂಡೆಯಲ್ಲಿದ್ದಾರೆ, ಸಿದ್ದರಾಜು ಗಂಡ ಹೆಂಡತಿ ಮಾತ್ರ ಬೆಳಿಗ್ಗೆಯೇ ಹೊಳೆಯ ಮಧ್ಯದ ನಡುಬಂಡೆಗೆ ಹೋದರಂತೆ.

ನಾನು ಸಿದ್ದರಾಜುವಿಗೆ ಕರೆ ಮಾಡಿದೆ. ಮತ್ತೆ ಮಾಡಿದೆ. ರಿಂಗ್ ಬಂದ್ ಮಾಡಿ, ನಮ್ಮ ಕೂಗೊಂದನ್ನೇ ನಂಬಿ ಕುಳಿತವನು ಹೇಗೆ ಎತ್ತುತ್ತಾನೆ? ಪುಟ್ಟಮ್ಮನಿಗೆ ಈಜು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳೇ ಹೇಳಿದ್ದಳು, ನಗುತ್ತಾ.

ನಯಾಜ್‌ಗೆ ಬ್ಲಫ್‌ನಲ್ಲಿ ಟೀ ಅಂಗಡಿ ಇಟ್ಟಿರುವ ಸಾಕಮ್ಮ ನೆನಪಾದರು. ಸ್ಪೀಕರ್ ಹಾಕಿ ಒಂದೇ ಉಸಿರಿಗೆ ಹೇಳಿದ.

"ಏನ್ಲಾ ಅಂದೆ? ನೀರಾ?" ಎಂದರು ಸಾಕಮ್ಮ. ಆಮೇಲೆ ಯಾರಿಗೋ, "ಲೇ, ಟೀ ಅಮ್ಯಾಕೆ ಕುಡಿವಂತೆ, ಗಾಡಿ ತೆಗಿ! ತೆಗಿಯಲಾ!" ಬೈಕಿನ ಸದ್ದು ಬಂತು. ಕರೆ ಕತ್ತರಿಸಬೇಡಿ ಎಂದು ಬೇಡಿಕೊಂಡೆ. ನಯಾಜ್ ಟೇಬಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಗೆರೆ ಇನ್ನೂ ಮೇಲಕ್ಕೆ ಹೋಗುತ್ತಲೇ ಇತ್ತು.

ಬೈಕು ನಿಂತಿತು. ಏದುಸಿರು, ಕಲ್ಲು ಜಾರಿದ ಸದ್ದು. ಬಳಿಕ ಸಾಕಮ್ಮನ ಗಂಟಲು.

"ಸಿದ್ರಾಜಾ! ನೀರ್ ಬತ್ತಾ ಅದೆ, ಈಚ್ಗೆ ಬಾರ್ಲಾ!"

ದೂರದಿಂದ, ಸಾವಧಾನವಾಗಿ, ಅವನ ಉತ್ತರ ಬಂತು.

"ಪೋನ್ ಕೂಗ್ನೇ ಇಲ್ವಲ್ಲಕ್ಕ! ಸುಮ್ಕೆ ಓಗಕ್ಕ, ಬಲೆ ಬುಡುಸ್ತಾ ಇವ್ನಿ!"

ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಹೆದರಿಸಿದ ಮಾತು ಇನ್ನೊಂದಿಲ್ಲ. ಎಚ್ಚರಿಕೆ ಅವನಿಗೆ ತಲುಪಿತ್ತು. ಅದನ್ನು ತಳ್ಳಿಹಾಕುವಷ್ಟು ಅವನು ನಮ್ಮನ್ನು ನಂಬಿದ್ದ.

"ಪೋನ್ ಸತ್ತೋಗದೆ ಕಣ್ಲಾ ಮುಂಡೇದೇ! ನಾನು ಬದುಕಿವ್ನಲ್ಲ, ನಾನ್ ಕೂಗ್ತಿವ್ನಿ! ಪುಟ್ಟಿ, ಅವನ್ನ ಬುಟ್ಟು ನೀನಾರ ಎದ್ ಬಾರಮ್ಮಿ!"

ಪುಟ್ಟಮ್ಮ ಏನೋ ಅಂದಳು, ಕೇಳಿಸಲಿಲ್ಲ. ಹುಟ್ಟು ನೀರಿಗೆ ಬಡಿಯುವ ಸದ್ದು. ಅದರ ಮೇಲೆ ಇನ್ನೊಂದು ಸದ್ದು, ಗೊರಗೊರ ಎನ್ನುವಂಥದು, ದೊಡ್ಡದಾಗುತ್ತಾ ಬಂತು. ಸಾಕಮ್ಮನ ಕೂಗು ಅದರಲ್ಲಿ ಮುಳುಗಿಹೋಯಿತು. ನಯಾಜ್ ಕಣ್ಣು ಮುಚ್ಚಿಕೊಂಡ. ಕೆಳಗೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು, ಲೋಕದಲ್ಲಿ ಏನೂ ಆಗಿಲ್ಲವೆಂಬಂತೆ.

"ಬಂದ್ರು," ಎಂದರು ಸಾಕಮ್ಮ ಕೊನೆಗೆ. "ಇಬ್ರೂ ಬಂದ್ರು ಕಣಪ್ಪ. ಬಲೆ ಓಯ್ತು, ಓಗ್ಲಿ ಬುಡು. ಬಂಡೆ ಕಾಣ್ತಿಲ್ಲ ಈಗ."

ಉಪ್ಪಿಟ್ಟಿನ ಡಬ್ಬಿಯನ್ನು ಹಾಗೇ ಮುಚ್ಚಿ ಮನೆಗೆ ತೆಗೆದುಕೊಂಡು ಹೋದೆ.

ಅದಾದ ಮೇಲೆ ನಿಯಮಗಳನ್ನು ಹೊಸ ಟೂಲಿಗೆ ಸೇರಿಸಿದೆವು. ಮಳವಳ್ಳಿ ಎಂಬ ಹೆಸರನ್ನು ಬಿಡಲಿಲ್ಲ. ಆ ಫೋಲ್ಡರ್ ಕಾಣದಿದ್ದರೆ ಬಿಲ್ಡ್ ಅಲ್ಲೇ ನಿಂತು ಕೆಂಪಾಗಬೇಕು ಎಂದು ಟೂಲಿಗೆ ಹೇಳಿಕೊಟ್ಟೆ. ಹಸಿರು ಅಕ್ಷರ ಕಂಡರೆ ಈಗಲೂ ನನಗೆ ಸಮಾಧಾನವಾಗುವುದಿಲ್ಲ. ಟೂಲು ತನ್ನ ಕೆಲಸ ಮುಗಿಸಿದೆ ಎಂದಷ್ಟೇ ಅದರ ಅರ್ಥ. ನಮ್ಮ ಕೆಲಸ ಮುಗಿಯುವುದು ಹೊಳೆಯ ದಂಡೆಯಲ್ಲಿ.

ಹಾಗಾಗಿ ಪ್ರತಿ ಹೊಸ ಬಿಲ್ಡೂ ಮಿಕ್ಕವರಿಗಿಂತ ಮೊದಲು ಸಿದ್ದರಾಜುವಿನ ಫೋನಿಗೆ ಹೋಗುತ್ತದೆ. ಅವನು ಸಾಕಮ್ಮನ ಅಂಗಡಿಯಲ್ಲಿ ಕುಳಿತಿರುತ್ತಾನೆ, ನಾನು ಸಾಕಮ್ಮನ ಫೋನಿಗೆ ಕರೆ ಮಾಡಿ, ಮಂಡ್ಯದಿಂದ ಪರೀಕ್ಷೆಯ ಸಂದೇಶ ಕಳಿಸುತ್ತೇನೆ. ಮೊನ್ನೆಯೂ ಕಳಿಸಿದೆ. ಒಂದು ಗಳಿಗೆ ಮೌನ. ಆ ಮೌನಕ್ಕೆ ನಾನು ಇನ್ನೂ ಹೆದರುತ್ತೇನೆ. ಆಮೇಲೆ ಆ ಬೊಬ್ಬೆ, ಅದರ ಮೇಲೆ ಸಿದ್ದರಾಜುವಿನ ದನಿ:

"ಅಯ್ಯೋ ನಿಲ್ಸಕ್ಕ, ಸತ್ತೋರು ಎದ್ ಕುಂತ್ಕತಾರೆ!"

"ವಸಿ ತಡಿ," ಎಂದೆ. ಇನ್ನೂ ಸ್ವಲ್ಪ ಹೊತ್ತು ಕೂಗಲಿ ಎಂದು ಬಿಟ್ಟೆ.