ಉಳಿದ ಮಾತ್ರೆಗಳ ಡಬ್ಬಿ

ಉಳಿದ ಮಾತ್ರೆಗಳ ಡಬ್ಬಿಯೊಂದು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ, ಗೆಳೆಯರೇ. ಅಮೆರಿಕದ ಸಮರ್‌ಸೆಟ್‌ನ ನನ್ನ ಅಡುಗೆಮನೆಯಲ್ಲಿ ಅದು ಮೈಸೂರಿನಿಂದ ತಂದ ಸ್ಟೀಲ್ ಡಬ್ಬಿ. ಕೊಬ್ಬರಿ ಮಿಠಾಯಿ ಖಾಲಿಯಾದ ಮೇಲೆ ಅದರೊಳಗೆ ಜ್ವರದ್ದು, ಕೆಮ್ಮಿನದು, ಹೊಟ್ಟೆಯುಬ್ಬರದ್ದು ಎಂದು ಅರ್ಧರ್ಧ ಉಳಿದ ಮಾತ್ರೆಗಳೆಲ್ಲ ಸಂಸಾರ ಹೂಡಿದವು. ಅನ್ನವನ್ನೇ ಚೆಲ್ಲಲಾರದ ನಾವು ಔಷಧಿಯನ್ನು ಚೆಲ್ಲುತ್ತೇವೆಯೇ? ಯಾರಾದರೂ ತಲೆ ಹಿಡಿದುಕೊಂಡು ಬಂದರೆ ಕಾಫಿಗಿಂತ ಮುಂಚೆ ಡಬ್ಬಿ ಹೊರಬರುತ್ತಿತ್ತು. ವೈದ್ಯಶಾಸ್ತ್ರವನ್ನು ಒಂದು ದಿನವೂ ಓದದ ನನಗೆ ನನ್ನ ಕೈಗುಣದ ಬಗ್ಗೆ ಜಂಬವೂ ಇತ್ತು.

ಆರು ವರ್ಷದ ಹಿಂದೆ ಮಂಡಿಯ ಆಪರೇಷನ್ ಆದಾಗ ಬರೆದುಕೊಟ್ಟ ನೋವಿನ ಮಾತ್ರೆಗಳಲ್ಲಿ ನಾನು ನುಂಗಿದ್ದು ಮೂರೋ ನಾಲ್ಕೋ. ಮಿಕ್ಕವು ಬಾಟಲಿಯ ಸಮೇತ ಡಬ್ಬಿ ಸೇರಿದವು. ಪಕ್ಕದ ಮನೆಯ ಗೆಳತಿ ಶಾಹಿದಾಳ ಮಗಳು ಸನಾ, ಆಗಿನ್ನೂ ಕಾಲೇಜಿನ ಹುಡುಗಿ, ದವಡೆ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡು ಬಂದಳು. ಎರಡು ಕೊಟ್ಟೆ. ವಾರ ಬಿಟ್ಟು ಮತ್ತೆ ಬಂದು, "ಆಂಟಿ, ಸ್ಟಿಲ್ ಹರ್ಟ್ಸ್. ಇನ್ನೂ ಇದ್ಯಾ? ಅಮ್ಮಿಗೆ ಹೇಳ್ಬೇಡಿ, ಸುಮ್ನೆ ವರಿ ಮಾಡ್ಕೋತಾರೆ," ಎಂದಾಗ ಬಾಟಲಿಯನ್ನೇ ಕೈಗಿಟ್ಟೆ.

ಅದರ ಚಟ ಹತ್ತಿ, ಆ ಬಾಟಲಿ ಮುಗಿದ ಮೇಲೆ ಅವಳು ಬೀದಿಯಲ್ಲಿ ಕದ್ದು ಮಾರುವ ಮಾತ್ರೆಗಳಿಗೆ ಕೈಚಾಚಿದಳೆಂದು ನಮಗೆ ತಿಳಿಯುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು, ಸನಾ ಇರಲಿಲ್ಲ. ಬಂದವರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದು ಹೇಳಿದ್ದಾಯಿತು. ನಮ್ಮ ಜನರಲ್ಲಿ ಹರೆಯದ ಹೃದಯಗಳು ಎಷ್ಟು ಸಲೀಸಾಗಿ ನಿಂತುಹೋಗುತ್ತವೆಂಬುದನ್ನು ನೀವೂ ಗಮನಿಸಿರಬಹುದು.

ಈಗ ನಮ್ಮ ಊರಾಡಳಿತ, ಅಂದರೆ ಟೌನ್‌ಶಿಪ್, ಇಂಥ ಮಾತ್ರೆಗಳನ್ನು ಮಾಡಿ ಮಾರಿದ ಕಂಪನಿಗಳು ಊರುಗಳಿಗೆ ಪರಿಹಾರ ಕೊಡುವ ರಾಜಿ ಒಪ್ಪಂದಕ್ಕೆ ಬೇರೆ ಊರುಗಳಂತೆ ತಾನೂ ಸೇರಲು ಹೊರಟಿದೆ. ತೀರಿಹೋದವರನ್ನು ಬಿಟ್ಟು ಉಳಿದವರೆಲ್ಲ ರಾಜಿಯಾಗಬಹುದು. ಸೇರುವ ಮುನ್ನ ಊರವರ ಮಾತು ಕೇಳಲೆಂದು ಒಂದು ಸಂಜೆ ಸಭೆ ಕರೆದರು. ಒಬ್ಬೊಬ್ಬರಿಗೆ ಮೂರು ನಿಮಿಷ. "ಅಕ್ಕ, ನಾನು ಮಾತಾಡ್ತೀನಿ. ನೀವೂ ಜೊತೇಲಿ ಬನ್ನಿ," ಎಂದಳು ಶಾಹಿದಾ. ಬಾಟಲಿಯ ವಿಷಯ ಎರಡು ವರ್ಷದಿಂದ ನನ್ನ ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತಿತ್ತು. ಹೇಳಿದರೆ ಇದ್ದೊಬ್ಬ ಗೆಳತಿಯನ್ನು ಕಳೆದುಕೊಳ್ಳುತ್ತೇನೆಂಬ ಭಯ. ಹೇಳದೆ ಅವಳ ಮನೆಯ ಚಹಾ ಕುಡಿಯುವಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆ.

ಮೈಕಿನ ಮುಂದೆ ಶಾಹಿದಾ ಮೊದಲ ಬಾರಿಗೆ ಓವರ್‌ಡೋಸ್ ಎಂಬ ಮಾತನ್ನು ಆಡಿದಳು. ನಮ್ಮವರ ಮನೆಗಳಲ್ಲಿ ಉಳಿದ ಮಾತ್ರೆಗಳನ್ನು ಪ್ರೀತಿಯಿಂದಲೇ ಹಂಚುತ್ತಾರೆ, ಹಾಗೆ ಮಾಡಬೇಡಿರೆಂದು ಅವರವರ ಭಾಷೆಯಲ್ಲಿ ಹೇಳುವವರನ್ನು ಮನೆಮನೆಗೂ ಕಳಿಸಿ ಎಂದು ಕೇಳಿಕೊಂಡಳು. ಇನ್ನು ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಮೇಯರ್ ಕೇಳಿದರು. ಶಾಹಿದಾ ತಿರುಗಿ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿ ಕುಳಿತೆ. ಟೌನ್‌ಶಿಪ್‌ನ ಸದಸ್ಯರೆಲ್ಲರೂ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು, ಸಭೆ ಮುಗಿಯಿತು.

ಕಾರಿನಲ್ಲಿ ಕೂತ ಮೇಲೆ ತಡೆಯಲಾರದೆ, ಅಳುತ್ತ, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅಳಲಿಲ್ಲ.

"ಗೊತ್ತು ಅಕ್ಕ. ಆಗ್ಲೇ ಖಾಲಿ ಬಾಟ್ಲಿ ನೋಡಿ ಕೇಳ್ದಾಗ ಸನಾನೇ ಹೇಳಿದ್ಲು," ಎಂದಳು. "ಅಲ್ಲಿ ಎಲ್ರ ಮುಂದೆ ನೀವೂ ಎದ್ದು ಹೇಳ್ತೀರಿ ಅಂತಾನೇ ನಿಮ್ಮನ್ನ ಕರ್ಕೊಂಡು ಬಂದಿದ್ದು."